ಅಂಗೈ ಜೋಮು ಹಿಡಿದರೆ ಮೊದಲು ಸೀಟು ನೋಡಿ

ಪ್ರಶ್ನೆ: ಮಾನ್ಯರೇ, ಪರಿಚಿತರೊಬ್ಬರು ಬಳಸಿದ್ದ ಮೌಂಟನ್ ಬೈಕನ್ನು ಈಚೆಗೆ ಕೊಂಡಿದ್ದೇನೆ. ಬೆಳಿಗ್ಗೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿಯ ಮೇಲೆ, ರಜೆಯ ದಿನ ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟದವರೆಗೆ ಓಡಿಸುತ್ತೇನೆ. ಅರ್ಧ ಗಂಟೆಯೊಳಗೆ ಅಂಗೈ ಜೋಮು ಹಿಡಿಯುತ್ತದೆ, ಕತ್ತು ನೋಯುತ್ತದೆ. ಹ್ಯಾಂಡಲನ್ನು ಸೈಕಲಿಗೆ ಜೋಡಿಸುವ 90 ಮಿ.ಮೀ. ಉದ್ದದ ಸ್ಟೆಮ್ ತೆಗೆಸಿ 60ರದ್ದು ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಇದು ಸರಿಯೇ? ಮನೆಯಲ್ಲೇ ಮಾಡಿಕೊಳ್ಳಬಹುದೇ?
– ಓದುಗರು, ಮಂಡ್ಯ

ಉತ್ತರ: ಅಂಗಡಿಯವರ ಸಲಹೆ ತಪ್ಪಲ್ಲ, ಆದರೆ ಅದು ಎಲ್ಲವನ್ನೂ ನೋಡಿದ ಮೇಲೆ ಬರಬೇಕಾದ ಸಲಹೆ. ಹ್ಯಾಂಡಲ್ ದೂರವೋ ಹತ್ತಿರವೋ ಎಂಬುದು ನೀವು ಸೀಟಿನ ಮೇಲೆ ಎಲ್ಲಿ, ಹೇಗೆ ಕೂತಿದ್ದೀರಿ ಎಂಬುದನ್ನು ಅವಲಂಬಿಸಿರುವುದರಿಂದ, ಸೀಟು ಸರಿಯಾಗುವ ತನಕ ಸ್ಟೆಮ್ಮಿನ ಅಳತೆಯನ್ನು ತೀರ್ಮಾನಿಸಲು ಬರುವುದಿಲ್ಲ. ಗೋಡೆಗೆ ಆತು ಸೈಕಲ್ ಏರಿ, ಪೆಡಲನ್ನು ತೀರ ಕೆಳಕ್ಕೆ ತಂದು ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ಎತ್ತರಕ್ಕೆ ಇದು ಒಳ್ಳೆಯ ಆರಂಭ. ಅನಂತರ ಗಾರೆಯವರ ರಸಮಟ್ಟವನ್ನು ಸೀಟಿನ ಉದ್ದಕ್ಕೆ ಇಟ್ಟು ನೋಡಿ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಆ ಭಾರವನ್ನೆಲ್ಲ ಅಂಗೈ ತಡೆಯಬೇಕಾಗುತ್ತದೆ. ಜೋಮಿನ ದೂರುಗಳಲ್ಲಿ ಹಲವು ಇಲ್ಲಿಗೇ ಮುಗಿಯುತ್ತವೆ ಎಂಬುದು ನನ್ನ ಅಭಿಪ್ರಾಯ. ಹ್ಯಾಂಡಲ್ ಹತ್ತಿರವಾಗಲೆಂದು ಸೀಟನ್ನೇ ಮುಂದಕ್ಕೆ ತಳ್ಳುವವರಿದ್ದಾರೆ. ಅದರಿಂದ ಮಂಡಿಯ ಸ್ಥಾನ ಕೆಡುತ್ತದೆ, ಕೈಯ ಭಾರವೂ ಹೆಚ್ಚುತ್ತದೆ.

ಎರಡನೆಯದು ಬ್ರೇಕ್ ಲಿವರ್. ಸೀಟಿನಲ್ಲಿ ಕೂತು ಲಿವರ್ ಮೇಲೆ ಬೆರಳಿಟ್ಟಾಗ ಮುಂಗೈ, ಮಣಿಕಟ್ಟು, ಬೆರಳುಗಳು ಒಂದೇ ಗೆರೆಯಲ್ಲಿರಬೇಕು. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಮುರಿದಂತಿದ್ದರೆ ಲಿವರಿನ ಬೋಲ್ಟ್ ಸಡಿಲಿಸಿ ತಿರುಗಿಸಿಕೊಳ್ಳಿ. ಮತ್ತೆ ಬಿಗಿಮಾಡುವಾಗ, ಬಿದ್ದರೆ ಲಿವರ್ ಮುರಿಯದೆ ತಿರುಗಿಕೊಳ್ಳುವಷ್ಟು ಮಾತ್ರ ಬಿಗಿ ಸಾಕು.

ಇಷ್ಟಾದರೂ ಕತ್ತು ನೋಯುತ್ತಿದ್ದರೆ ಈಗ ಸ್ಟೆಮ್ಮಿನ ಕಡೆಗೆ ಬನ್ನಿ. ಇಲ್ಲಿ ಒಂದು ಸೂಕ್ಷ್ಮವಿದೆ: ಸ್ಟೆಮ್ ಸಾಮಾನ್ಯವಾಗಿ ಮುಂದಕ್ಕೆ ಹೋಗುತ್ತಾ ಮೇಲಕ್ಕೂ ಏರುವುದರಿಂದ, 90ರ ಬದಲು 60 ಮಿ.ಮೀ. ಹಾಕಿದಾಗ ಹ್ಯಾಂಡಲ್ ಸುಮಾರು 3 ಸೆಂ.ಮೀ. ಹತ್ತಿರ ಬರುವುದರ ಜೊತೆಗೆ ಸುಮಾರು 1 ಸೆಂ.ಮೀ. ಕೆಳಗೂ ಇಳಿಯುತ್ತದೆ. ಕತ್ತಿನ ನೋವಿಗೆ ಬೇಕಾದದ್ದು ಎತ್ತರವಾದರೆ, ಇದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಆದ್ದರಿಂದ ದುಡ್ಡು ಖರ್ಚು ಮಾಡುವ ಮುನ್ನ, ಸ್ಟೆಮ್ಮಿನ ಮೇಲಿರುವ ಸ್ಪೇಸರ್ ಉಂಗುರಗಳನ್ನು ಅದರ ಕೆಳಕ್ಕೆ ಹಾಕಿ ನೋಡಿ. ನಿಮ್ಮ ಸ್ಟೆಮ್ ಕೆಳಮುಖವಾಗಿ ಕೂತಿದ್ದರೆ ಅದನ್ನೇ ಮಗುಚಿ ಹಾಕಬಹುದು; 7 ಡಿಗ್ರಿ ಕೋನದ 90 ಮಿ.ಮೀ. ಸ್ಟೆಮ್ಮಿನಲ್ಲಿ ಇಷ್ಟರಿಂದಲೇ ಸುಮಾರು 2 ಸೆಂ.ಮೀ. ಎತ್ತರ ಸಿಗುತ್ತದೆ. ಗಿಡ್ಡ ಸ್ಟೆಮ್ ಹಾಕಿದರೆ ಹ್ಯಾಂಡಲ್ ಬೇಗ ತಿರುಗುವುದೆಂಬುದೂ, ಕರಿಘಟ್ಟದಂಥ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಅಲೆಯಬಹುದೆಂಬುದೂ ತಿಳಿದಿರಲಿ.

ಈ ಕೆಲಸವನ್ನು ಮನೆಯಲ್ಲೇ ಅಲೆನ್ ಕೀಯಿಂದ ಮಾಡಬಹುದು, ಕ್ರಮ ಮಾತ್ರ ತಪ್ಪಬಾರದು. ಸ್ಟೆಮ್ಮಿನ ನೆತ್ತಿಯ ಮೇಲಿರುವ ಬೋಲ್ಟೇ ಅದನ್ನು ಹಿಡಿದಿದೆಯೆಂದು ಬಹಳ ಜನ ತಿಳಿದಿದ್ದಾರೆ. ಹಿಡಿದಿರುವುದು ಹಿಂಬದಿಯ ಎರಡು ಬೋಲ್ಟುಗಳು. ನೆತ್ತಿಯದು ಹೆಡ್‌ಸೆಟ್ ಬೇರಿಂಗುಗಳ, ಅಂದರೆ ಹ್ಯಾಂಡಲ್ ಸಲೀಸಾಗಿ ತಿರುಗಲು ಇರುವ ಬೇರಿಂಗುಗಳ, ಅಲುಗಾಟ ತೆಗೆಯುವುದಕ್ಕಷ್ಟೇ ಇದೆ. ಆದ್ದರಿಂದ ಕೂಡಿಸುವಾಗ ಹಿಂಬದಿಯವು ಸಡಿಲವಿರುವಾಗಲೇ ನೆತ್ತಿಯ ಬೋಲ್ಟನ್ನು ನಿಧಾನವಾಗಿ ತಿರುಗಿಸುತ್ತಾ, ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆಮುಂದೆ ಜಗ್ಗಿ ನೋಡಿ. ಅಲುಗಾಟ ನಿಂತು, ಹ್ಯಾಂಡಲ್ ಮಾತ್ರ ಸಲೀಸಾಗಿ ತಿರುಗುವ ಹಂತದಲ್ಲಿ ನಿಲ್ಲಿಸಿ, ಸ್ಟೆಮ್ಮನ್ನು ಚಕ್ರದ ನೇರಕ್ಕೆ ತಂದು ಹಿಂಬದಿಯ ಬೋಲ್ಟುಗಳನ್ನು ಒಂದಾದಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಯಾವ ಉಂಗುರವನ್ನೂ ಹೊರಗೆ ಬಿಡಬೇಡಿ, ಏಕೆಂದರೆ ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕಿನ ಕೊಳವೆಯ ತುದಿ ನೆತ್ತಿಯ ಬೋಲ್ಟಿನ ಮುಚ್ಚಳಕ್ಕೆ ತಾಗುವಂತಾದರೆ ಎಷ್ಟು ತಿರುಗಿಸಿದರೂ ಅಲುಗಾಟ ಹೋಗುವುದಿಲ್ಲ. ಹ್ಯಾಂಡಲ್ ಹಿಡಿಯುವ ಮುಂಭಾಗದ ನಾಲ್ಕು ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಬಿಗಿಯಬೇಕು. ಎಷ್ಟು ಬಿಗಿಯೆಂಬುದು ಹಲವು ಸ್ಟೆಮ್ಮುಗಳ ಮೇಲೇ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 4ರಿಂದ 6 ನ್ಯೂಟನ್ ಮೀಟರ್. ಇದಕ್ಕೆ ಬಿಗಿಯನ್ನು ಅಳೆಯುವ ಟಾರ್ಕ್ ವ್ರೆಂಚ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಕೊನೆಯ ಬಿಗಿಯನ್ನು ಅದಿರುವ ಅಂಗಡಿಯಲ್ಲಿ ಮಾಡಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ನಾಲೆಯ ದಾರಿಯಲ್ಲಿ ಕೆಲವು ದಿನ ಓಡಿಸಿ ನೋಡಿ. ಸೈಕಲಿನಿಂದ ಇಳಿದ ಮೇಲೂ ಜೋಮು ಉಳಿಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ನನ್ನ ಹ್ಯಾಂಡಲ್ 780 ಮಿ.ಮೀ. ಅಗಲವಿದೆ. ಚಾಮುಂಡಿ ಬೆಟ್ಟ ಇಳಿಯುವಾಗ ಹಿತವೆನಿಸಿದರೂ ದೇವರಾಜ ಮಾರುಕಟ್ಟೆಯ ಸುತ್ತಿನ ಸಂದಣಿಯಲ್ಲಿ ಕಷ್ಟ. ಕತ್ತರಿಸಬಹುದೇ?
– ಓದುಗರು, ಮೈಸೂರು

ಉತ್ತರ: ಕತ್ತರಿಸಬಹುದು, ಆದರೆ ಕತ್ತರಿಸಿದ್ದನ್ನು ಮತ್ತೆ ಬೆಸೆಯಲಾಗದು. ಮೊದಲು ಲಿವರ್, ಗ್ರಿಪ್ಪುಗಳನ್ನು ಎರಡೂ ಕಡೆ 1 ಸೆಂ.ಮೀ. ಒಳಕ್ಕೆ ಸರಿಸಿ ಓಡಿಸಿ ನೋಡಿ. ಒಪ್ಪಿಗೆಯಾದರೆ ಅಷ್ಟನ್ನೇ ತೆಗೆಯಿರಿ. ಅಲ್ಯೂಮಿನಿಯಂ ಆಗಿದ್ದರೆ ಗರಗಸ ಮತ್ತು ಅರ ಸಾಕು. ಕಾರ್ಬನ್ ಆಗಿದ್ದರೆ ತಯಾರಕರ ಸೂಚನೆ ನೋಡದೆ ಮುಟ್ಟಬೇಡಿ. ತುದಿಗಳಿಗೆ ಬಿರಡೆ ಹಾಕುವುದನ್ನು ಮರೆಯಬಾರದು: ಬಿದ್ದಾಗ ತೆರೆದ ಕೊಳವೆಯ ಬಾಯಿ ಹೊಟ್ಟೆಗೋ ತೊಡೆಗೋ ನಾಟಿ ಆಳವಾದ ಗಾಯ ಮಾಡಬಲ್ಲದು.