ಸಾಹೇಬ್ರು ಬೈಯೋದೂ ಇಲ್ಲ, ಕರೆಯೋದೂ ಇಲ್ಲ

ಪ್ರಶ್ನೆ: ಮೇಡಂ ನಮಸ್ಕಾರ್ರೀ. ನಾ ವಿಜಯಪುರ ಕಡೆಯವ, ಪುಣೆ ಹತ್ರ ಭೋಸರಿ ಇಂಡಸ್ಟ್ರಿಯಲ್ ಏರಿಯಾ (ಎಂಐಡಿಸಿ) ಒಳಗ ಒಂದು ಆಟೋ ಪಾರ್ಟ್ಸ್ ಕಂಪನಿಯಾಗ ಕ್ವಾಲಿಟಿ ಇನ್ಸ್‌ಪೆಕ್ಟರ್ ಅದೀನಿ, ಮೂರು ವರ್ಷ ಆತು. ನಮ್ಮ ಮ್ಯಾನೇಜರ್ ಸಾಹೇಬ್ರು ಕೆಟ್ಟವರಲ್ಲ, ಒಮ್ಮೆನೂ ನನಗ ಬೈದಿಲ್ಲ. ಆದ್ರ ಇಬ್ಬರು ಹುಡುಗರ ಜೋಡಿ ದಿನಾ ಗೇಟ್ ಹೊರಗಿನ ಟಪರಿಗೆ ಚಹಾಕ್ಕ ಹೋಗ್ತಾರ, ಕಸ್ಟಮರ್ ಕಂಪನಿಯವರು ಆಡಿಟ್ ಮಾಡಾಕ ಬಂದ್ರ ಅವರನ್ನೇ ಮುಂದ ನಿಲ್ಲಸ್ತಾರ, ನನಗ ಅದೇ ಅಳತಿ ಮಾಡೋ ವರ್ನಿಯರ್, ಅದೇ ರಿಜೆಕ್ಷನ್ ಬಿನ್. ಅವರು ಮರಾಠಿಯವರು, ನಾ ಕನ್ನಡದವ ಅಂತ ಹಿಂಗೇನ್ರೀ? ಕೆಲಸ ಬಿಡ್ಲೇನು?

ಉತ್ತರ: ನಿಮಗೆ ಅನಿಸಿರೋದು ಭ್ರಮೆ ಅಲ್ಲ, ಮೊದಲು ಅದನ್ನ ಹೇಳಿಬಿಡ್ತೀನಿ. "ಒಮ್ಮೆನೂ ಬೈದಿಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲನ್ನ ನಾನು ಎರಡು ಸಲ ಓದಿದೆ. ಆ ಇಬ್ಬರು ಹುಡುಗರಿಗೆ ಸಾಹೇಬ್ರು ಬೈತಾರಾ? ಬೈದೇ ಬೈತಾರೆ ಅನ್ಸುತ್ತೆ ನನಗೆ, ಯಾಕಂದ್ರೆ ನಮ್ಮವರು ಅಂತ ಅಂದ್ಕೊಂಡವರ ಮೇಲೇ ಮನುಷ್ಯ ರೇಗೋದು. ನಿಮ್ಮ ಜೊತೆ ಸಂಬಂಧ ಇನ್ನೂ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬರೆದಷ್ಟೇ ಇದೆ, ಅವರು ಹೇಳ್ತಾರೆ, ನೀವು ಮಾಡ್ತೀರಿ, ತಿಂಗಳಿಗೆ ಪಗಾರ ಬರುತ್ತೆ.

ಹಿಂದೆ ಬಾಸ್ ಮತ್ತು ಕೈಕೆಳಗಿನವರ ಸಂಬಂಧದ ಬಗ್ಗೆ ಸಂಶೋಧನೆ ಮಾಡೋರು ಬಹುಪಾಲು ಒಬ್ಬ ಬಾಸ್ ಹೇಗಿದ್ದಾನೆ ಅಂತ ಅವನ ಕೈಕೆಳಗಿನ ಎಲ್ಲರನ್ನೂ ಕೇಳಿ ಸರಾಸರಿ ತೆಗೀತಿದ್ರು, ಒಬ್ಬ ದೇವರು ಅಂದ, ಇನ್ನೊಬ್ಬ ಕಲ್ಲು ಅಂದ, ಸರಿ ಬಾಸ್ ಮಧ್ಯಮ ಅಂತ ಬರ್ಕೊಂಡು ಮುಂದೆ ಹೋಗೋರು. 1975ರಲ್ಲಿ ಡಾನ್ಸರೋ, ಗ್ರೇನ್, ಹಾಗಾ ಅನ್ನೋ ಮೂವರು, ಇಲ್ಲ, ಆ ವ್ಯತ್ಯಾಸಾನೇ ಅಸಲಿ ವಿಷಯ, ಬಾಸ್‌ಗೆ ಒಬ್ಬೊಬ್ಬರ ಜೊತೆಗೂ ಒಂದೊಂದು ಬೇರೆ ಖಾತೆ ಇರುತ್ತೆ ಅಂತ ತೋರಿಸಿದ್ರು. ಆಮೇಲೆ 1995ರಲ್ಲಿ ಗ್ರೇನ್ ಮತ್ತು ಉಲ್-ಬೀನ್ ಈ ಖಾತೆ ಬೆಳೆಯೋದನ್ನ ಮೂರು ಹಂತದಲ್ಲಿ ಬರೆದ್ರು, ಅಪರಿಚಿತರು, ಪರಿಚಯದವರು, ಕೊನೆಗೆ ಪಾಲುದಾರರು. ನೀವು ಮೂರು ವರ್ಷದಿಂದ ಮೊದಲನೇ ಮೆಟ್ಟಿಲ ಮೇಲೇ ನಿಂತಿದ್ದೀರಿ.

ಇದು ಹೇಗಾಗುತ್ತೆ ನೋಡಿ. ಸಾಹೇಬ್ರ ಹತ್ರ ಟೈಮ್ ಕಮ್ಮಿ. ಶುರುವಿನಲ್ಲಿ ಯಾರಿಗೋ ಒಂದು ಸಣ್ಣ ಎಕ್ಸ್‌ಟ್ರಾ ಕೆಲಸ ಕೊಡ್ತಾರೆ, ಅವನು ಮಾಡಿ ಮುಗಿಸ್ತಾನೆ, ಮುಂದಿನ ಸಲ ಸ್ವಲ್ಪ ದೊಡ್ಡದು ಅವನಿಗೇ ಹೋಗುತ್ತೆ, ಜೊತೆಗೆ ಟಪರಿಯಲ್ಲಿ ಚಹಾ ಕುಡೀತಾ ಯಾವ ಕಸ್ಟಮರ್ ಸಿಟ್ಟಾಗಿದ್ದಾನೆ, ಯಾವ ಹೊಸ ಲೈನ್ ಬರ್ತಿದೆ ಅನ್ನೋ ಸುದ್ದೀನೂ ಸಿಗುತ್ತೆ. ಎರಡು ವರ್ಷ ಆದ್ಮೇಲೆ ಅವನು ನಿಜವಾಗ್ಲೂ ಹುಷಾರಾಗಿರ್ತಾನೆ! ಆಗ ಎಲ್ಲರೂ ಅವನು ಮೊದಲಿಂದಲೂ ಹಾಗೇ ಇದ್ದ ಅಂತಾರೆ. ನಿಮಗೆ ಆ ಮೊದಲನೇ ಸಣ್ಣ ಕೆಲಸ ಸಿಗ್ಲೇ ಇಲ್ಲ, ಅಷ್ಟೇ ಆಗಿರೋದು.

ಮರಾಠಿ ಪ್ರಶ್ನೆ ತಳ್ಳಿ ಹಾಕಲ್ಲ ನಾನು. 1993ರ ಒಂದು ಅಧ್ಯಯನದಲ್ಲಿ ಹೊಸಬರನ್ನೂ ಅವರ ಬಾಸ್‌ಗಳನ್ನೂ ಮೊದಲ ವಾರದಿಂದ ಆರು ತಿಂಗಳವರೆಗೆ ಗಮನಿಸಿದ್ರು, ಇವನು ನನ್ನ ಥರದವನು ಅನ್ನೋ ಅನಿಸಿಕೆ, ಇವನು ನನಗೆ ಇಷ್ಟ ಅನ್ನೋದು, ಮುಂದೆ ಸಂಬಂಧ ಹೇಗಾಗುತ್ತೆ ಅನ್ನೋದಕ್ಕೆ ಇವೂ ಒಳ್ಳೇ ಸುಳಿವು ಕೊಟ್ವು. ಭಾಷೆ ಅದರಲ್ಲಿ ಒಂದು ಎಳೆ ಇರಬಹುದು. ಆದರೆ ಒಂದೇ ಐಟಿಐ, ಒಂದೇ ಏರಿಯಾ, ಒಂದೇ ಕ್ರಿಕೆಟ್ ಹುಚ್ಚು ಇವೂ ಅದೇ ಕೆಲಸ ಮಾಡ್ತವೆ, ಅದನ್ನ ದ್ವೇಷ ಅಂತ ಓದ್ಬೇಡಿ. ಇನ್‌ಕ್ರಿಮೆಂಟ್, ರಜೆ, ಅವಮಾನ ಇಲ್ಲೆಲ್ಲಾ ಭಾಷೆ ನೋಡಿ ಭೇದ ಮಾಡಿದ್ರೆ ಆಗ ಬೇರೆ ಮಾತು, ತಾರೀಖು ಹಾಕಿ ಬರೆದಿಟ್ಕೊಂಡು ಎಚ್‌ಆರ್‌ಗೆ ಹೋಗಿ.

ಈಗ ಮಾಡೋದೇನು? ಬಲವಂತವಾಗಿ ಟಪರಿಗೆ ಹೋಗ್ಬೇಡಿ. ಸಾಹೇಬ್ರ ನಿದ್ದೆ ಕೆಡಿಸ್ತಿರೋದು ಯಾವ ಪಾರ್ಟ್ ಅಂತ ಯೋಚನೆ ಮಾಡಿ, ಯಾಕಂದ್ರೆ ರಿಜೆಕ್ಷನ್ ರಿಜಿಸ್ಟರ್ ಇರೋದು ನಿಮ್ಮ ಕೈಯಲ್ಲಿ, ಆ ಇಬ್ಬರು ಹುಡುಗರ ಕೈಯಲ್ಲಲ್ಲ. ಮೂರು ತಿಂಗಳದ್ದು ತೆಗೆದು ಒಂದೇ ಹಾಳೆಯಲ್ಲಿ ಬರೀರಿ, ಉದಾಹರಣೆಗೆ ಈ ಪಾರ್ಟ್‌ನ ಬರ್ರ್, ಅಂದ್ರೆ ಅಂಚಿನಲ್ಲಿ ಉಳಿಯೋ ಚೂಪು ಲೋಹ, ಬರ್ತಿರೋದು ಸೆಕೆಂಡ್ ಶಿಫ್ಟ್‌ನಲ್ಲೇ, ಅದೂ ಟೂಲ್ ಬದಲಾಯಿಸೋಕೆ ಮುಂಚಿನ ಒಂದೆರಡು ಗಂಟೆಯಲ್ಲಿ, ಅನ್ನೋ ಥರ. ಶಿಫ್ಟ್ ಬದಲಾಗೋ ಗದ್ದಲದಲ್ಲಿ ಬೇಡ, ಹತ್ತು ನಿಮಿಷ ಕೇಳಿ ತಗೊಂಡು ತೋರಿಸಿ, ಮರಾಠಿಯಲ್ಲೇ ಮಾತಾಡಿ, ತಪ್ಪಾದ್ರೂ ಪರವಾಗಿಲ್ಲ. ತೋರಿಸಿ ಸುಮ್ನೆ ಬರ್ಬೇಡಿ, "ಮುಂದಿನ ಆಡಿಟ್‌ನಲ್ಲಿ ಈ ಸ್ಟೇಷನ್ ನಾನು ತೋರಿಸ್ತೀನಿ ಸಾಹೇಬ್ರೆ" ಅಂತ ಬಾಯಿ ಬಿಟ್ಟು ಕೇಳಿ. ಬಾಯಿ ಬಿಡಲೇಬೇಕು, ಯಾಕಂದ್ರೆ ಒಂದೇ ಸಂಬಂಧಕ್ಕೆ ಬಾಸ್ ಕೊಡೋ ಮಾರ್ಕ್ಸೂ ಕೈಕೆಳಗಿನವರು ಕೊಡೋ ಮಾರ್ಕ್ಸೂ ಅಷ್ಟಾಗಿ ತಾಳೆ ಆಗಲ್ಲ ಅಂತ 1997ರಲ್ಲಿ ಹತ್ತಾರು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದವರು ಕಂಡ್ಕೊಂಡಿದ್ದಾರೆ. ಈ ಹುಡುಗ ಆರಾಮಾಗಿದ್ದಾನೆ, ಏನೂ ತಕರಾರಿಲ್ಲ ಅಂತ ನಿಮ್ಮ ಸಾಹೇಬ್ರು ನಂಬಿರಬಹುದು. ಎರಡು ಆಡಿಟ್ ನೋಡಿ, ಆಗಲೂ ಬಾಗಿಲು ತೆರೀಲಿಲ್ಲ ಅಂದ್ರೆ ಚಾಕಣ್ ಕಡೆಯ ಕಂಪನಿಗಳಿಗೆ ಬಯೋಡೇಟಾ ಕಳಿಸಿ, ಅದರಲ್ಲಿ ಸೋಲು ಏನಿಲ್ಲ.

ಪ್ರಶ್ನೆ: ನಾನು ಪುಣೆಯ ಹಿಂಜವಡಿಯಲ್ಲಿ ಟೀಮ್ ಲೀಡ್. ಎಂಟು ಜನರಲ್ಲಿ ಇಬ್ಬರು ಹುಬ್ಬಳ್ಳಿಯವರು, ಅವರಿಗೆ ಫೇವರ್ ಮಾಡ್ತೀನಿ ಅಂತ ಮಾತು ಬಂದಿದೆ. ಇನ್ಮೇಲೆ ಎಲ್ಲರ ಜೊತೆಗೂ ಸ್ವಲ್ಪ ದೂರಾನೇ ಇದ್ಬಿಡ್ಲಾ ಮೇಡಂ?

ಉತ್ತರ: ದಯವಿಟ್ಟು ಬೇಡಮ್ಮ. ಹಾಗೆ ಮಾಡಿದ್ರೆ ಆ ಇಬ್ಬರಿಗೆ ಇದ್ದಿದ್ದೂ ಹೋಗುತ್ತೆ, ಉಳಿದ ಆರು ಜನಕ್ಕೆ ಸಿಗೋದು ಏನೂ ಇಲ್ಲ. ನಾನು ಮುಂಬೈಯಲ್ಲಿ ಟೀಮ್ ನೋಡ್ಕೋತಿದ್ದಾಗ ಇದೇ ಮಾತು ಬಂತು, ಬಹಳ ನೋವಾಯ್ತು, ನಾನು ಅಂಥವಳಲ್ಲ ಅಂತ ವಾದ ಮಾಡ್ದೆ. ಆಮೇಲೆ ಮನೆಗೆ ಬಂದು ಡೈರಿ ತೆಗೆದು ನೋಡಿದ್ರೆ ಆ ತಿಂಗಳು ಹೊರಗಿನ ಮೀಟಿಂಗ್‌ಗೆ ಹನ್ನೊಂದು ಸಲ ಹೋಗಿದ್ದೆ, ಒಂಬತ್ತು ಸಲ ಜೊತೆಗೆ ಬಂದಿದ್ದು ಒಬ್ಬಳೇ ಹುಡುಗಿ. ನಮ್ಮ ಕುಂದಾಪುರದವಳು, ಟ್ರೇನಲ್ಲಿ ಮಾತಾಡ್ತಾ ಹೋಗಬಹುದು ಅಂತ. ನೀವೂ ಒಂದು ತಿಂಗಳ ಕ್ಯಾಲೆಂಡರ್ ತೆಗೆದು ಎಣಿಸಿ.

ಅಮೆರಿಕದ ಒಂದು ಸರ್ಕಾರಿ ಕಚೇರಿಯಲ್ಲಿ ನಡೆಸಿದ ಪ್ರಯೋಗ ಒಂದಿದೆ, ಪ್ರಕಟ ಆಗಿದ್ದು 1984ರಲ್ಲಿ. ಬಾಸ್‌ಗಳಿಗೆ ತರಬೇತಿ ಕೊಟ್ರು, ನಿಮಗೆ ಇಷ್ಟ ಆದವರ ಜೊತೆ ಮಾತ್ರ ಅಲ್ಲ, ಪ್ರತಿಯೊಬ್ಬರ ಜೊತೆಗೂ ಒಬ್ಬೊಬ್ಬರನ್ನಾಗಿ ಕೂತು ಮಾತಾಡಿ, ಕೆಲಸದಲ್ಲಿ ಏನು ತೊಂದರೆ, ನನ್ನಿಂದ ಏನು ಬೇಕು ಅಂತ ಕೇಳಿ, ಕೇಳಿಸ್ಕೊಳ್ಳಿ ಅಂತ. ಹೆಚ್ಚು ಸುಧಾರಿಸಿದ್ದು ಯಾರು ಗೊತ್ತಾ? ಮೊದಲು ಬಾಸ್ ಜೊತೆ ಸಂಬಂಧ ತೀರಾ ಕಮ್ಮಿ ಇದ್ದವರು. ಇದನ್ನ ಓದಿದಾಗೆಲ್ಲಾ ನನಗೆ ಆ ವರ್ಷ ನನ್ನ ಟೀಮ್‌ನಲ್ಲಿ ಮೂಲೆ ಸೀಟಿನಲ್ಲಿದ್ದ ಹುಡುಗ ನೆನಪಾಗ್ತಾನೆ, ಅವನ ಊರು ಯಾವುದು ಅಂತ ಕೂಡ ನಾನು ಕೇಳಿರಲಿಲ್ಲ. ನೀವು ಈ ವಾರ ಅಂಥವರ ಜೊತೆಗೇ ಮೊದಲು ಕೂತ್ಕೊಳ್ಳಿ, ಅರ್ಧ ಗಂಟೆ, ಲ್ಯಾಪ್‌ಟಾಪ್ ಮುಚ್ಚಿಟ್ಟು. ಹುಬ್ಬಳ್ಳಿಯವರ ಸರದಿ ಕೊನೆಗೆ ಬರ್ಲಿ, ಅವರು ಬೇಜಾರು ಮಾಡ್ಕೊಳ್ಳಲ್ಲ.