ವೈಂಡಿಂಗ್ ಬರುತ್ತದೆ, ಮೊಬೈಲ್ ಅಂಗಡಿ ಇಡಲೇ?

ಪ್ರಶ್ನೆ: ಮಾನ್ಯರೇ, ನನಗೆ 27 ವರ್ಷ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿ, ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷ ಗುತ್ತಿಗೆ ಕೆಲಸ ಮಾಡಿದೆ. ಗುತ್ತಿಗೆ ಮುಗಿದಿದ್ದರಿಂದ ಊರಿಗೆ ಮರಳಿದ್ದೇನೆ. ಹಿಂದೆ ಸೋದರಮಾವನ ಅಂಗಡಿಯಲ್ಲಿ ಎರಡು ವರ್ಷ ಮೋಟಾರ್ ವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ) ಕಲಿತಿದ್ದೆ. ಕೈಯಲ್ಲಿ ಒಂದೂವರೆ ಲಕ್ಷ ರೂಪಾಯಿ ಇದೆ. ಸ್ನೇಹಿತರು ಮೊಬೈಲ್ ಅಂಗಡಿ ಇಡು ಎನ್ನುತ್ತಾರೆ. ಅಪ್ಪ ನರಸಾಪುರದಲ್ಲೋ ವೇಮಗಲ್‌ನಲ್ಲೋ ಬೇರೆ ಕಾರ್ಖಾನೆ ಸೇರು ಎನ್ನುತ್ತಾರೆ. ಯಾವುದು ಸರಿ?
– ಓದುಗ, ಮುಳಬಾಗಿಲು ತಾಲ್ಲೂಕು

ಉತ್ತರ: ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿರುವ ವೈಂಡಿಂಗ್ ಕೆಲಸವೇ ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡಿತು. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಟೊಮೆಟೊ, ಹಿಪ್ಪುನೇರಳೆಯಂಥ ಬೆಳೆಗಳು ಕೊಳವೆಬಾವಿಯನ್ನೇ ನಂಬಿವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಕೆರೆಗಳಿಗೆ ಬರುತ್ತಿದ್ದರೂ ತೋಟಕ್ಕೆ ನೀರೆತ್ತಲು ಮೋಟಾರು ಬೇಕೇ ಬೇಕು. ವೋಲ್ಟೇಜ್ ಇಳಿದಾಗ, ಮೂರು ಫೇಸ್‌ಗಳಲ್ಲಿ ಒಂದು ಹೋದಾಗ ಅಥವಾ ನೀರಿಲ್ಲದೆ ಪಂಪು ಬರಿದೇ ಓಡಿದಾಗ ಕಾಯಿಲ್ ಸುಟ್ಟುಹೋಗುತ್ತದೆ. ಕಾಯಿ ಬಲಿಯುವ ಹೊತ್ತಿನಲ್ಲಿ ಹೀಗಾದರೆ ರೈತನಿಗೆ ಒಂದೊಂದು ದಿನವೂ ನಷ್ಟವೇ.

ಆದರೂ ನನ್ನ ಮಾತನ್ನು ನಂಬಿ ಹಣ ಹಾಕಬೇಡಿ. ಹದಿನೈದು ದಿನ ಸುತ್ತಲಿನ ಹತ್ತು ಹನ್ನೆರಡು ಹಳ್ಳಿಗಳನ್ನು ಸುತ್ತಿ ಬನ್ನಿ. ‘ಅಂಗಡಿ ಇಟ್ಟರೆ ಬರುತ್ತೀರಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು ಹೋದ ಸಲ ಮೋಟಾರು ಸುಟ್ಟಾಗ ಎಲ್ಲಿಗೆ ಒಯ್ದಿರಿ, ಎಷ್ಟು ದಿನ ಕಾದಿರಿ, ಎಷ್ಟು ಕೊಟ್ಟಿರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ದೂರದ ಪೇಟೆಗೆ ಒಯ್ದು ನಾಲ್ಕೈದು ದಿನ ಕಾಯುವವರು ಹೆಚ್ಚಿದ್ದರೆ ನಿಮಗೆ ಜಾಗವಿದೆ. ಪಕ್ಕದಲ್ಲೇ ಮರುದಿನ ಕೆಲಸ ಮುಗಿಯುತ್ತಿದ್ದರೆ ಬೇರೆ ಹೋಬಳಿ ನೋಡಿ. ಮೊಬೈಲ್ ಅಂಗಡಿಗೂ ಇದೇ ಪರೀಕ್ಷೆ ಇಟ್ಟು ನೋಡಿ. ನಿಮ್ಮ ಕೈಕಸುಬಿಗೆ ಅಲ್ಲಿ ಬೆಲೆಯಿಲ್ಲ.

ಕೊಳವೆಬಾವಿಯೊಳಗೆ ಮುಳುಗಿರುವ ಸಬ್‌ಮರ್ಸಿಬಲ್ ಮೋಟಾರು ಒಳಗೇ ನೀರು ತುಂಬಿದ ಬಗೆಯದಾದರೆ ಅದಕ್ಕೆ ಸಾಮಾನ್ಯ ಎನಾಮಲ್ ತಂತಿ ನಡೆಯದು, ಪ್ಲಾಸ್ಟಿಕ್ ಹೊದಿಕೆಯ ತಂತಿಯೇ ಬೇಕು. ಇದರಲ್ಲಿ ಕೈ ಪಳಗಿರದಿದ್ದರೆ ಮಾವನ ಬಳಿಯೇ ಮೂರು ತಿಂಗಳು ಮತ್ತೆ ಕುಳಿತುಕೊಳ್ಳಿ, ಇಲ್ಲವೇ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ. ಅಲ್ಲಿ ಊಟ, ವಸತಿಯೊಡನೆ ತರಬೇತಿ ಉಚಿತ.

ಈ ಕಸುಬನ್ನು ಮುಳುಗಿಸುವುದು ಉದ್ದರಿ. ತಾಮ್ರದ ತಂತಿಯನ್ನು ನೀವು ನಗದು ಕೊಟ್ಟು ತರುತ್ತೀರಿ, ರೈತ ಮಂಡಿಯಲ್ಲಿ ಮಾಲು ಮಾರಿದ ಮೇಲೆ ಕೊಡುತ್ತಾನೆ. ಆದ್ದರಿಂದ ತಂತಿಯ ಹಣವನ್ನು ಮೊದಲೇ ಪಡೆದು, ಕೂಲಿಗೆ ಮಾತ್ರ ಕಾಯಿರಿ. ಬಿಚ್ಚಿದ ಹಳೆಯ ತಾಮ್ರಕ್ಕೂ ಬೆಲೆಯಿದೆ. ಅದನ್ನು ರೈತನ ಕಣ್ಣೆದುರೇ ತಕ್ಕಡಿಗೆ ಹಾಕಿ, ತೂಕವನ್ನು ರಸೀತಿಯಲ್ಲಿ ಬರೆದು, ಬಿಲ್ಲಿನಲ್ಲಿ ಕಳೆಯಿರಿ. ಅನೇಕರು ಈ ಲೆಕ್ಕ ಹೇಳುವುದೇ ಇಲ್ಲ. ಹೇಳಿದವನ ಹೆಸರು ಊರಿಂದೂರಿಗೆ ತಾನಾಗಿ ಹೋಗುತ್ತದೆ.

ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಮಳೆಗಾಲದಲ್ಲಿ ಈ ಕೆಲಸ ಇಳಿಯುತ್ತದೆ. ಆಗ ಮನೆ ನಡೆಯಲು ಸ್ಟಾರ್ಟರ್, ಪ್ಯಾನೆಲ್ ಬೋರ್ಡ್ ರಿಪೇರಿಯನ್ನೂ ಜೊತೆಗಿಟ್ಟುಕೊಳ್ಳಿ. ಹಳ್ಳಿ ಸುತ್ತಿದ ಲೆಕ್ಕ ಕೈಕೊಟ್ಟರೆ ಕಾರ್ಖಾನೆಗೇ ಹೋಗಿ, ಆದರೆ ಜೋಡಣೆಯ ಸಾಲಿಗಲ್ಲ, ಯಂತ್ರ ನಿರ್ವಹಣೆಯ ವಿಭಾಗಕ್ಕೆ ಪ್ರಯತ್ನಿಸಿ.

ಸಾಲದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯ ಮೊದಲ ಸಹಾಯಧನ ಹೊಸ ಘಟಕಕ್ಕೆ ಮಾತ್ರ ಸಿಗುವುದರಿಂದ, ಅದನ್ನು ಬಯಸುವುದಾದರೆ ಬೋರ್ಡು ಹಾಕುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗಿನ ನಿಯಮ ಕೇಳಿ ಅರ್ಜಿ ಹಾಕಿ. ಚಿಕ್ಕ ಮೊತ್ತ ಸಾಕೆಂದರೆ ಮುದ್ರಾ ಯೋಜನೆಯ ಕಿಶೋರ್ ವರ್ಗದಲ್ಲಿ 50 ಸಾವಿರದಿಂದ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲವಿದೆ. ಮೋಟಾರು ಪರೀಕ್ಷಿಸಲು ತ್ರೀ ಫೇಸ್ ಸಂಪರ್ಕ ಬೇಕು. ಪಂಪ್‌ಸೆಟ್ಟಿನ ಲೈನಿನಿಂದ ಎಳೆಯಬೇಡಿ. ಮೋಟಾರುಗಳು ಹೆಚ್ಚು ಸುಡುವುದು ಬೇಸಿಗೆಯಲ್ಲಿ. ಆದ್ದರಿಂದ ಬೆಸ್ಕಾಂಗೆ ಬೇಗನೆ ಅರ್ಜಿ ಕೊಟ್ಟು, ಫೆಬ್ರವರಿಯ ಹೊತ್ತಿಗೆ ಬಾಗಿಲು ತೆರೆಯುವಂತೆ ನೋಡಿಕೊಳ್ಳಿ.