ಓದುಗರ ಪ್ರಶ್ನೆ: ಬಾಲ ಕರಗೋ ಹೊತ್ತಲ್ಲೇ ಕಪ್ಪೆಮರಿ ಸಾಯೋದ್ಯಾಕೆ?

ಪ್ರಶ್ನೆ: ಟ್ಯಾಂಕಲ್ಲಿ ಗೊದಮೊಟ್ಟೆ ಸಾಕಿದ್ವಿ, ಕಾಲು ಬರೋವರೆಗೂ ಎಲ್ಲಾ ಆರಾಮಾಗಿದ್ವು. ಬಾಲ ಕರಗೋಕೆ ಶುರುವಾದ ಮೇಲೆ ಒಂದೊಂದೇ ಸಾಯ್ತಾ ಇವೆ. ನೀರು, ಊಟ ಏನೂ ಬದಲಾಯಿಸಿಲ್ಲ. ದೊಡ್ಡದಾಗ್ತಾ ಆಗ್ತಾ ಇಮ್ಯುನಿಟಿ ಜಾಸ್ತಿ ಆಗ್ಬೇಕಲ್ವಾ?

ಉತ್ತರ: ಇಮ್ಯುನಿಟಿ ವಿಷಯಕ್ಕೆ ಬರೋ ಮುಂಚೆ ಒಂದು ಚೆಕ್ ಮಾಡಿ, ಟ್ಯಾಂಕಲ್ಲಿ ನೀರಿಂದ ಮೇಲೆ ಹತ್ತಿ ಕೂರೋಕೆ ಕಲ್ಲೋ ಇಳಿಜಾರೋ ಇದ್ಯಾ? ಮುಂಗಾಲು ಬಂದ ಮೇಲೆ ಕಿವಿರು ಹೋಗಿ ಶ್ವಾಸಕೋಶದ ಮೇಲೆ ನಡೀತಿರುತ್ತೆ, ಜಾಗ ಇಲ್ಲ ಅಂದ್ರೆ ಬಹಳಷ್ಟು ಜಾತಿಯ ಮರಿಗಳು ಸುಮ್ನೆ ಮುಳುಗಿ ಸಾಯ್ತವೆ, ಅದಕ್ಕೂ ರೋಗಕ್ಕೂ ಸಂಬಂಧ ಇಲ್ಲ.

ಅದೆಲ್ಲಾ ಸರಿ ಇದ್ರೂ ಸಾಯ್ತಿದ್ರೆ ನಿಮ್ಮ ಪ್ರಶ್ನೆ ತುಂಬಾ ಒಳ್ಳೇದು. ಯಾಕಂದ್ರೆ ಕಪ್ಪೆಯಲ್ಲಿ ಇಮ್ಯುನಿಟಿ ಮೆಟ್ಟಿಲು ಹತ್ತಿದ ಹಾಗೆ ಏರ್ತಾ ಹೋಗಲ್ಲ. ಗೊದಮೊಟ್ಟೆಗೆ ಒಂದು ಸಲ ಕಟ್ಟುತ್ತೆ, ಮಧ್ಯದಲ್ಲಿ ಅದರ ದೊಡ್ಡ ಭಾಗವನ್ನ ದೇಹವೇ ಕೆಡವುತ್ತೆ, ಕಪ್ಪೆ ಆದ್ಮೇಲೆ ಮತ್ತೆ ಕಟ್ಟುತ್ತೆ. ನಿಮ್ಮ ಮರಿಗಳು ಈ ಮಧ್ಯದ ಹೊತ್ತಲ್ಲಿವೆ.

ಇದನ್ನ ಹೆಚ್ಚಾಗಿ ನೋಡಿರೋದು ಝೆನೋಪಸ್ ಅನ್ನೋ ಆಫ್ರಿಕಾದ ಉಗುರುಕಪ್ಪೆಯಲ್ಲಿ, ಲ್ಯಾಬ್‌ಗಳಲ್ಲಿ ದಶಕಗಳಿಂದ ಸಾಕ್ತಾರೆ. ಅದರ ಮೊಟ್ಟೆ ಫಲಿತ ಆಗಿ ಸುಮಾರು 3 ದಿನಕ್ಕೇ, ಟಿ ಕಣ ಅನ್ನೋ ಬಿಳಿ ರಕ್ತಕಣಗಳು ಬಲಿಯೋ ಥೈಮಸ್ ಗ್ರಂಥಿ ಮೊಳಕೆ ಒಡೆಯುತ್ತೆ, ಇನ್ನೆರಡು ವಾರ ತುಂಬೋದ್ರೊಳಗೆ ಮರಿ ತಕ್ಕಮಟ್ಟಿಗೆ ಆಂಟಿಬಾಡಿ ಕೂಡ ಮಾಡಬಲ್ಲದು. ಆದ್ರೆ ಅದರ ಜೀವಕೋಶಗಳ ಮೇಲೆ ಎಂಎಚ್‌ಸಿ ಕ್ಲಾಸ್ ಒನ್ ಅನ್ನೋ ಗುರುತಿನ ಪ್ರೋಟೀನು ರೂಪಾಂತರದ ತನಕ ಕಾಣಿಸಲ್ಲ ಅಂತಾನೇ ಹೇಳಬಹುದು. ವೈರಸ್ ಹೊಕ್ಕಿರೋ ಜೀವಕೋಶವನ್ನ ಟಿ ಕಣಗಳು ಗುರುತು ಹಿಡಿಯೋದೇ ಈ ಪ್ರೋಟೀನಿಂದ, ಅದೇ ಇಲ್ಲದೆ ಗೊದಮೊಟ್ಟೆ ಕೆಲಸ ನಡೆಸ್ತಿರುತ್ತೆ, ನನಗಂತೂ ಇದು ಇವತ್ತಿಗೂ ಆಶ್ಚರ್ಯ.

ಆಮೇಲೆ ಥೈರಾಯ್ಡ್ ಹಾರ್ಮೋನ್ ಏರುತ್ತೆ, ಬಾಲ ಕರಗೋದು ಕರುಳು ಹೊಸದಾಗೋದು ಎಲ್ಲಾ ಅದರ ಕೆಲಸ. ಜೊತೆಗೇ ಸ್ಟ್ರೆಸ್ ಹಾರ್ಮೋನ್ ಕಾರ್ಟಿಕೋಸ್ಟೆರಾನ್ ಕೂಡ ಏರುತ್ತೆ ಮತ್ತೆ ಇದು ಲಿಂಫೋಸೈಟ್‌ಗಳನ್ನ, ಅಂದ್ರೆ ಟಿ ಕಣ ಬಿ ಕಣ ಇರೋ ಗುಂಪಿನ ಬಿಳಿ ರಕ್ತಕಣಗಳನ್ನ ಸಾಯಿಸುತ್ತೆ. ಥೈಮಸ್‌ನಲ್ಲಿ ಬಹುಪಾಲು ಕಣ ಹೋಗ್ಬಿಡುತ್ತೆ, ಗುಲ್ಮದಲ್ಲೂ ಚೆನ್ನಾಗಿ ಇಳಿಯುತ್ತೆ. ಅಮೆರಿಕದ ವಿಜ್ಞಾನಿ ಲೂಯೀಸ್ ರೋಲಿನ್ಸ್ ಸ್ಮಿತ್ ಮತ್ತು ಜೊತೆಗಾರರು ಈ ಹಾರ್ಮೋನ್ ಹಿಡ್ಕೊಳ್ಳೋ ರಿಸೆಪ್ಟರ್‌ನ ಔಷಧಿ ಕೊಟ್ಟು ತಡೆದಾಗ ಕಣಗಳ ಸಾವು ಕಮ್ಮಿ ಆಯ್ತು, ಅಂದ್ರೆ ಇದು ಆಕಸ್ಮಿಕ ಅಲ್ಲ, ಹಾರ್ಮೋನೇ ಮಾಡಿಸ್ತಿರೋದು.

ಯಾಕೆ ಬೇಕು ಇಂಥಾ ರಿಸ್ಕು ಅಂತ ಕೇಳ್ತೀರಾ. ಗೊದಮೊಟ್ಟೆಯ ಟಿ ಕಣಗಳು "ಇದು ನನ್ನದು" ಅಂತ ಕಲಿತಿರೋದು ಗೊದಮೊಟ್ಟೆಯ ಮೈಯನ್ನ. ಕಪ್ಪೆ ಆಗೋವಾಗ ಹಿಮೋಗ್ಲೋಬಿನ್ನೇ ಬೇರೆ ಬರುತ್ತೆ, ಚರ್ಮ ಗಟ್ಟಿ ಮಾಡೋ ಕೆರಾಟಿನ್ ಅನ್ನೋ ಪ್ರೋಟೀನು ಬೇರೆ ಬರುತ್ತೆ, ಹಳೇ ಕಣಗಳು ಹಾಗೇ ಉಳಿದ್ರೆ ಇವನ್ನೆಲ್ಲಾ ಹೊರಗಿನವು ಅಂತ ಹೊಡೆಯೋಕೆ ಹೋಗಬಹುದು. ಅದಕ್ಕೇ ಹಳೇದನ್ನ ಕಮ್ಮಿ ಮಾಡಿ ಹೊಸ ಬ್ಯಾಚ್ ತರೋದು ಅನ್ನೋದು ಬಹಳಷ್ಟು ಜನ ಒಪ್ಪಿರೋ ವಿವರಣೆ.

ಇದನ್ನ ಕಣ್ಣಲ್ಲೇ ನೋಡೋ ಒಂದು ಪ್ರಯೋಗ ಇದೆ. ಒಂದು ಕಪ್ಪೆಯ ಹೊಟ್ಟೆ ಭಾಗದ ಚರ್ಮದ ಚಿಕ್ಕ ತುಂಡನ್ನ ಇನ್ನೊಂದಕ್ಕೆ ಕೂರಿಸ್ತಾರೆ, ಆ ಚರ್ಮದಲ್ಲಿ ಬೆಳ್ಳಿ ಥರ ಹೊಳೆಯೋ ಬಣ್ಣದ ಕಣಗಳಿರ್ತವೆ. ಸಂಬಂಧ ಇಲ್ಲದ ದೊಡ್ಡ ಕಪ್ಪೆ ಆದ್ರೆ ಹೊಳಪು ಮಾಸ್ತಾ ಬಂದು ಸುಮಾರು 3 ವಾರದಲ್ಲಿ ತುಂಡು ಸತ್ತೇ ಹೋಗುತ್ತೆ. ಎರಡು ಕಪ್ಪೆಗಳ ನಡುವಿನ ವಂಶದ ವ್ಯತ್ಯಾಸ ಸಣ್ಣದಿದ್ರೂ ದೊಡ್ಡ ಕಪ್ಪೆ ಬಿಡಲ್ಲ, ಆದ್ರೆ ಅದೇ ಸಣ್ಣ ವ್ಯತ್ಯಾಸದ ಚರ್ಮವನ್ನ ಗೊದಮೊಟ್ಟೆಗೋ ರೂಪ ಬದಲಾಗ್ತಿರೋ ಮರಿಗೋ ಹಾಕಿದ್ರೆ ಹೊಳಪು ಹಾಗೇ ಇರುತ್ತೆ, ಎಷ್ಟೋ ಸಲ ಮುಂದೆ ಕಪ್ಪೆ ಆದ್ಮೇಲೂ ಇರುತ್ತೆ, ಅಂದ್ರೆ ಆ ಚರ್ಮವನ್ನೂ ದೇಹ "ನನ್ನದು" ಅಂತ ಒಪ್ಕೊಂಡಿರುತ್ತೆ.

ಈ ಹೊತ್ತಲ್ಲಿ ಕರುಳು ಬದಲಾಗ್ತಿರೋದ್ರಿಂದ ಮರಿ ತಿನ್ನೋದನ್ನೂ ನಿಲ್ಲಿಸಿರುತ್ತೆ. ಹಾಗಾಗಿ ಊಟ ಹಾಕಿ ನೀರು ಕೆಡಿಸ್ಬೇಡಿ, ಜಾಗ ಇಕ್ಕಟ್ಟಾಗಿದ್ರೆ ಬಿಡಿಸಿ, ಕೈಯಲ್ಲಿ ಹಿಡಿಯೋದು ನಿಲ್ಲಿಸಿ. ಇನ್ನೊಂದು, ನೀರು ಬತ್ತಿಸಿ ಬೇಗ ಕಪ್ಪೆ ಮಾಡೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ. ವುಡ್ ಫ್ರಾಗ್ ಅನ್ನೋ ಉತ್ತರ ಅಮೆರಿಕದ ಕಪ್ಪೆ ಮೇಲೆ 2008ರಲ್ಲಿ ಬಂದ ಅಧ್ಯಯನದಲ್ಲಿ, ಬತ್ತೋ ನೀರಲ್ಲಿ ಗಡಿಬಿಡಿಯಲ್ಲಿ ಬೆಳೆದ ಮರಿಗಳಲ್ಲಿ ಬಿಳಿ ರಕ್ತಕಣವೂ ಕಮ್ಮಿ, ರೋಗನಿರೋಧಕ ಪ್ರತಿಕ್ರಿಯೆಯೂ ಮಂದ ಅಂತ ಕಂಡಿತ್ತು.

ಪ್ರಶ್ನೆ: ಕಪ್ಪೆಗಳನ್ನ ಕೊಲ್ಲೋ ಕಿಟ್ರಿಡ್ ಫಂಗಸ್ ಗೊದಮೊಟ್ಟೆಗೆ ಏನೂ ಮಾಡಲ್ವಂತೆ, ನಿಜವಾ? ಹಾಗಾದ್ರೆ ಗೊದಮೊಟ್ಟೆ ಇಮ್ಯುನಿಟಿನೇ ಸ್ಟ್ರಾಂಗ್ ಅಂತಾಯ್ತಲ್ಲ.

ಉತ್ತರ: ಅರ್ಧ ನಿಜ, ಆದ್ರೆ ಕಾರಣ ಇಮ್ಯುನಿಟಿ ಅಲ್ಲ. ಈ ಫಂಗಸ್ ಬೆಳೆಯೋದು ಕೆರಾಟಿನ್ ಇರೋ ಚರ್ಮದಲ್ಲಿ, ಗೊದಮೊಟ್ಟೆಗೆ ಕೆರಾಟಿನ್ ಇರೋದು ಬಾಯಿ ಹತ್ರ ಪಾಚಿ ಕೆರೆಯೋ ಸಾಲುಗಳಲ್ಲಿ ಮಾತ್ರ. ಫಂಗಸ್ ಅಲ್ಲಿ ಕೂತಿರುತ್ತೆ, ಬಾಯಿ ಸ್ವಲ್ಪ ಹಾಳಾಗಿ ಬೆಳವಣಿಗೆ ನಿಧಾನ ಆಗ್ಬಹುದು, ಸಾಮಾನ್ಯವಾಗಿ ಸಾಯಲ್ಲ. ರೂಪ ಬದಲಾಗಿ ಮೈಪೂರ್ತಿ ಕೆರಾಟಿನ್ ಬಂದ ತಕ್ಷಣ ಫಂಗಸ್ಸಿಗೆ ದಾರಿ ತೆರೆದ ಹಾಗೆ, ಅದೂ ಇಮ್ಯುನಿಟಿ ಕೆಳಗಿರೋ ಟೈಮಲ್ಲಿ. ಕಪ್ಪೆ ಚರ್ಮದಿಂದ್ಲೇ ನೀರು, ಲವಣ ಎಳ್ಕೊಳ್ಳೋದು, ಚರ್ಮ ಕೆಟ್ರೆ ರಕ್ತದಲ್ಲಿ ಸೋಡಿಯಂ ಪೊಟ್ಯಾಸಿಯಂ ಇಳಿದು ಹೃದಯ ನಿಲ್ಲುತ್ತೆ. ಸಾಲದ್ದಕ್ಕೆ ಈ ಫಂಗಸ್ ಲಿಂಫೋಸೈಟ್‌ಗಳನ್ನೇ ತಡೆಯೋ ವಸ್ತು ಬಿಡುತ್ತೆ ಅಂತ 2013ರಲ್ಲಿ ಗೊತ್ತಾಯ್ತು. 2019ರ ಒಂದು ಲೆಕ್ಕದ ಪ್ರಕಾರ ಜಗತ್ತಲ್ಲಿ ಕನಿಷ್ಠ 501 ಜಾತಿ ಉಭಯವಾಸಿಗಳು ಇದ್ರಿಂದ ಕಮ್ಮಿ ಆಗಿವೆ, ಅದ್ರಲ್ಲಿ 90 ಅಳಿದೇ ಹೋಗಿವೆ ಅಂತ ಅಂದಾಜು.

ಕಪ್ಪೆಗಳಿಗೆ ಬರೋ ರಾನಾವೈರಸ್ ಅನ್ನೋ ವೈರಸ್ ವಿಷ್ಯದಲ್ಲಿ ಕಥೆ ಉಲ್ಟಾ. ಝೆನೋಪಸ್‌ನಲ್ಲಿ ದೊಡ್ಡ ಕಪ್ಪೆ ಕೆಲವು ವಾರದಲ್ಲಿ ಸೋಂಕು ತೊಡೆದು ಹಾಕುತ್ತೆ, ಗೊದಮೊಟ್ಟೆಗಳು ಸಾಯ್ತವೆ. ಹಾಗಾಗಿ ಯಾವ ವಯಸ್ಸು ಸ್ಟ್ರಾಂಗ್ ಅಂತ ಕೇಳಿದ್ರೆ ಯಾವ ರೋಗಕ್ಕೆ ಅಂತ ವಾಪಸ್ ಕೇಳ್ಬೇಕಾಗುತ್ತೆ.

ಪ್ರಶ್ನೆ: ಆಕ್ಸೊಲಾಟಲ್ ಅನ್ನೋ ಸಾಲಮಾಂಡರ್ (ಬಾಲ ಇರೋ ಉಭಯವಾಸಿ) ಜೀವನಪೂರ್ತಿ ಮರಿ ಥರಾನೇ ಇರುತ್ತಲ್ಲ, ಅದಕ್ಕೆ ಇಮ್ಯುನಿಟಿ ಯಾವಾಗ ಬರುತ್ತೆ?

ಉತ್ತರ: ಬರುತ್ತೆ, ಆದ್ರೆ ಸ್ವಲ್ಪ ಸೋಮಾರಿ ಥರದ್ದು. ಬೇರೆಯವರ ಚರ್ಮ ಕೂರಿಸಿದ್ರೆ ತಿರಸ್ಕರಿಸೋದು ತುಂಬಾ ನಿಧಾನ. ಹಾಗಂತ ಕೆಲಸಕ್ಕೆ ಬಾರದ್ದು ಅಂದ್ಕೋಬೇಡಿ, 2013ರ ಪ್ರಯೋಗದಲ್ಲಿ ಅದರ ಮ್ಯಾಕ್ರೋಫೇಜ್, ಅಂದ್ರೆ ರೋಗಾಣು ನುಂಗೋ ಕಣಗಳನ್ನ ತೆಗೆದುಹಾಕಿದಾಗ ಕತ್ತರಿಸಿದ ಕಾಲು ಮತ್ತೆ ಬೆಳೀಲೇ ಇಲ್ಲ. ಇನ್ನೊಂದು ಕಡೆ ಝೆನೋಪಸ್ ಗೊದಮೊಟ್ಟೆ ಎಳೇದಿದ್ದಾಗ ಕಾಲು ಪೂರ್ತಿ ಬೆಳೆಸ್ಕೊಳ್ಳುತ್ತೆ, ಕಪ್ಪೆ ಆದ್ಮೇಲೆ ಬರೀ ಮೊಳೆ ಥರದ್ದು ಬರುತ್ತೆ. ಇಮ್ಯುನಿಟಿ ಬಲಿತಿದ್ದಕ್ಕೇ ಹೀಗಾಯ್ತು ಅಂತ ಕೆಲವರ ವಾದ, ಅದು ಇನ್ನೂ ವಾದವೇ.

ಪ್ರಶ್ನೆ: ಗೊದಮೊಟ್ಟೆ ನೀರಿಗೆ ಮುಂಜಾಗ್ರತೆಗೆ ಆಂಟಿಬಯೋಟಿಕ್ ಹಾಕಬಹುದಾ?

ಉತ್ತರ: ಬೇಡ್ರೀ. ಚರ್ಮದ ಮೇಲಿರೋ ಒಳ್ಳೇ ಬ್ಯಾಕ್ಟೀರಿಯಾಗಳೂ ಹೋಗ್ತವೆ, ಅದರಲ್ಲಿ ಕೆಲವು ಫಂಗಸ್ ತಡೆಯೋ ವಸ್ತು ಮಾಡೋವು, ಕೆಂಪುಬೆನ್ನಿನ ಸಾಲಮಾಂಡರ್ ಮೇಲಿರೋ ಒಂದು ನೇರಳೆ ಬಣ್ಣದ ಬ್ಯಾಕ್ಟೀರಿಯಾ ಇದಕ್ಕೇ ಫೇಮಸ್ಸು. ದೊಡ್ಡ ಕಪ್ಪೆಗಾದ್ರೆ ಚರ್ಮದ ಗ್ರಂಥಿಯಲ್ಲಿ ತನ್ನದೇ ಔಷಧಿ ಇರುತ್ತೆ, ಆಪರೇಷನ್ ಮಾಡಿ ಕೊಳಕು ನೀರಿಗೆ ಬಿಟ್ಟ ಝೆನೋಪಸ್‌ಗಳ ಗಾಯ ಕೀವಾಗದೆ ಒಣಗೋದು ನೋಡಿ ವಿಜ್ಞಾನಿ ಮೈಕಲ್ ಝಾಸ್ಲಾಫ್ 1987ರಲ್ಲಿ ಮ್ಯಾಗೈನಿನ್ ಅನ್ನೋ ಇಂಥಾ ಔಷಧಿಯನ್ನ ಕಂಡುಹಿಡಿದ್ರು. ಆ ಗ್ರಂಥಿಗಳು ಬಲಿಯೋದು ರೂಪಾಂತರದ ಹೊತ್ತಿಗೆ, ಗೊದಮೊಟ್ಟೆಗೆ ಆ ಸವಲತ್ತು ಇಲ್ಲ, ಹಾಗಾಗಿ ಇರೋ ಬ್ಯಾಕ್ಟೀರಿಯಾನಾದ್ರೂ ಬಿಟ್ಟುಬಿಡಿ. ಕಾಯಿಲೆ ಬಂದಿದೆ ಅಂತ ಗ್ಯಾರಂಟಿ ಆದ್ರೆ ಪಶುವೈದ್ಯರಿಗೆ ತೋರಿಸಿ, ಸತ್ತ ಮರಿಗಳನ್ನ ತಕ್ಷಣ ತೆಗೀರಿ, ಆ ನೀರನ್ನ ಮಾತ್ರ ಹೊರಗಿನ ಕೆರೆಗೋ ಹಳ್ಳಕ್ಕೋ ಚೆಲ್ಲಬೇಡಿ.